ಕಲ್ಲು ತನ್ನಿ ಅಂದೆವು, ಜನ ತಂದರು

ನಮ್ಮ ವಿಭಾಗದ ಭೂವಿಜ್ಞಾನ ಮ್ಯೂಸಿಯಂನಲ್ಲಿ ಈಗ ತಿಂಗಳಿಗೊಂದು ಶನಿವಾರ ನಿಲ್ಲಲೂ ಜಾಗ ಇರುವುದಿಲ್ಲ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಆರೇಳು ವರ್ಷದ ಹಿಂದೆ ಈ ಯೋಚನೆಯನ್ನು ವಿಭಾಗದ ಸಭೆಯಲ್ಲಿ ಇಟ್ಟಾಗ ಹಿರಿಯರೊಬ್ಬರು "ಮ್ಯೂಸಿಯಂ ಅಂದ್ರೆ ಏನಂದುಕೊಂಡಿದೀರಿ, ಸಂತೆನಾ?" ಎಂದಿದ್ದರು. ಉಳಿದವರು ನಕ್ಕು, ಚಹಾ ಮುಗಿಸಿ ಎದ್ದು ಹೋದರು. ಯೋಚನೆ ಇಷ್ಟೇ: ನಮ್ಮ ಕಲ್ಲು ನೋಡಲು ಬನ್ನಿ ಎಂದು ಜನರನ್ನು ಕರೆಯುವುದು ಬೇಡ. ನಿಮ್ಮ ಹತ್ತಿರ ಇರುವ ಕಲ್ಲು ತನ್ನಿ, ಅದೇನೆಂದು ಸೇರಿ ನೋಡೋಣ ಎಂದು ಕರೆಯೋಣ.

ಅದಕ್ಕೂ ಮೊದಲು ಎಲ್ಲ ವಿಭಾಗಗಳೂ ಮಾಡುವುದನ್ನೇ ನಾವೂ ಮಾಡಿದ್ದೆವು. ಮೇ 18ರ ಮ್ಯೂಸಿಯಂ ದಿನಕ್ಕೆ ವಿಶೇಷ ಉಪನ್ಯಾಸ, ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ರಸಪ್ರಶ್ನೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಮಕ್ಕಳೆಲ್ಲ ಅಜ್ಜಿ ಊರಲ್ಲಿ. ಉಪನ್ಯಾಸಕ್ಕೆ ಬರುತ್ತಿದ್ದವರು ನಮ್ಮದೇ ಎಂಎಸ್ಸಿ ಮಕ್ಕಳು, ಅದೂ ಹಾಜರಿ ಸಿಗುತ್ತದೆ ಅಂತ. ಹೊರಗಿನವರು ಐದಾರು ಜನ. ಅದರಲ್ಲಿ ಇಬ್ಬರಾದರೂ ಬೋರ್‌ವೆಲ್ ಪಾಯಿಂಟ್ ಕೇಳಲು ಬಂದವರು. ಶಾಲಾ ಭೇಟಿ ಇನ್ನೂ ಬೇಜಾರು. ನೂರು ಮಕ್ಕಳು ಸಾಲಾಗಿ ಗಾಜಿನ ಕಪಾಟಿನ ಮುಂದೆ ಹಾದು ಹೋಗುತ್ತಾರೆ, ಮೇಷ್ಟ್ರು "ಮುಟ್ಟಬೇಡಿ, ಮುಟ್ಟಬೇಡಿ" ಎನ್ನುತ್ತಿರುತ್ತಾರೆ, ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. ಒಂದು ವರ್ಷ ಪ್ರತಿ ಕಪಾಟಿಗೂ ಕ್ಯೂಆರ್ ಕೋಡ್ ಅಂಟಿಸಿದೆವು. ಎಂಟೊಂಬತ್ತು ಸಾವಿರ ಖರ್ಚಾಯಿತು. ಸ್ಕ್ಯಾನ್ ಮಾಡಿದವರು ನಾವೇ, ಪರೀಕ್ಷೆ ಮಾಡಲು.

ಕಲ್ಲು ತರುವ ದಿನಕ್ಕೆ ಮೊದಲ ತಿಂಗಳು ಹತ್ತು ಹನ್ನೆರಡು ಜನ ಬಂದರು. ಎರಡನೇ ತಿಂಗಳು ಅದಕ್ಕಿಂತ ಕಡಿಮೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ ಬಂದಿತ್ತು, ಅದರಿಂದ ಬಂದವರು ಮೂರೋ ನಾಲ್ಕೋ ಜನ. ಆಮೇಲೆ ಸಾವಿರ ಕರಪತ್ರ ಹಾಕಿಸಿದೆವು. ಒಂಬೈನೂರು ರೂಪಾಯಿ ಆಗಿರಬೇಕು. ಕಾಲೇಜುಗಳಿಗೆ ಕಳಿಸಲಿಲ್ಲ. ಹಿಟ್ಟಿನ ಗಿರಣಿ, ಕಟಿಂಗ್ ಶಾಪ್, ಟೈಲ್ಸ್ ಅಂಗಡಿ, ದೇವಸ್ಥಾನದ ಬೋರ್ಡು, ಇಂಥ ಕಡೆ ಕೊಟ್ಟೆವು. ಗಿರಣಿಯಲ್ಲಿ ಜನ ಸುಮ್ನೆ ಕಾಯುತ್ತಾ ನಿಂತಿರುತ್ತಾರೆ, ಕೈಗೆ ಸಿಕ್ಕಿದ್ದನ್ನು ಓದುತ್ತಾರೆ. ಮುಂದಿನ ತಿಂಗಳು ಅರವತ್ತು ದಾಟಿತು. ಕರಪತ್ರದ ಮೊದಲ ಸಾಲು ಏನಿತ್ತು ಎಂದು ಬೇರೆ ಮ್ಯೂಸಿಯಂನವರು ಕೇಳುತ್ತಾರೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಏನೇನು ತಂದರು ಗೊತ್ತಾ? ಉಲ್ಕೆ. ಊರಿನಲ್ಲಿ ಇಷ್ಟೊಂದು ಉಲ್ಕೆ ಇದೆ ಎಂದು ನಮಗೇ ಗೊತ್ತಿರಲಿಲ್ಲ. ಮೊದಲ ವರ್ಷ ನೂರರ ಹತ್ತಿರ ಬಂದಿರಬಹುದು, ಒಂದೂ ಉಲ್ಕೆಯಲ್ಲ. ಒಂದಷ್ಟು ಮ್ಯಾಗ್ನೆಟೈಟ್, ಒಂದಷ್ಟು ಹೆಮಟೈಟ್, ಎರಡೂ ಕಬ್ಬಿಣದ ಅದಿರು. ಉಳಿದದ್ದೆಲ್ಲ ಕಬ್ಬಿಣದ ಕಿಟ್ಟ, ಅಂದರೆ ಅದಿರು ಕರಗಿಸಿದಾಗ ಉಳಿಯುವ ಕಸ. ಮೈತುಂಬ ಗುಳ್ಳೆ ಗುಳ್ಳೆ ತೂತು ಕಂಡ ತಕ್ಷಣ ನಮಗೆ ಗೊತ್ತಾಗುತ್ತದೆ, ತಂದವರಿಗೆ ಬೇಸರವಾಗುತ್ತದೆ. ಆದರೆ ಆ ಕಿಟ್ಟವೇ ನಮಗೆ ಲಾಭವಾಯಿತು. ಎಲ್ಲಿ ಸಿಕ್ಕಿತು ಎಂದು ಕೇಳಿ ಗೋಡೆಯ ನಕ್ಷೆಯಲ್ಲಿ ಗುಂಡುಪಿನ್ನು ಚುಚ್ಚುತ್ತಾ ಹೋದೆವು. ಎರಡು ಮೂರು ಹಳ್ಳಿಗಳ ಸುತ್ತ ಪಿನ್ನು ಗುಂಪಾಗಿ ಕೂತವು. ಅಲ್ಲಿ ಹಳೇ ಕಾಲದಲ್ಲಿ ಕಬ್ಬಿಣ ಕರಗಿಸುತ್ತಿದ್ದರು ಎಂದು ಅಂದಾಜು ಮಾಡಲು ಇನ್ನೇನು ಬೇಕು? ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಮೂರು ಸಾವಿರ ವರ್ಷದಷ್ಟು ಹಳೆಯ ಕಬ್ಬಿಣ ಸಿಕ್ಕಿದ್ದನ್ನು ಹೇಳಿದಾಗ, ಉಲ್ಕೆ ಅಲ್ಲ ಎಂದು ಮುಖ ಸಪ್ಪಗೆ ಮಾಡಿಕೊಂಡಿದ್ದ ರೈತರೊಬ್ಬರು ಮತ್ತೆ ಒಂದು ಚೀಲ ಕಿಟ್ಟ ತಂದು ಸುರಿದರು.

ಉಲ್ಕೆ ಬಿಟ್ಟರೆ ಹೊಳೆಯುವ ಪೈರೈಟ್, ಚಿನ್ನ ಅಂತ. ನವರತ್ನದ ಉಂಗುರ, ಅದರಲ್ಲಿ ಗಾಜೇ ಜಾಸ್ತಿ. ಬೋರ್ ಕೊರೆಸುವಾಗ ಬಂದ ಪುಡಿ, ಪ್ಲಾಸ್ಟಿಕ್ ಕವರಿನಲ್ಲಿ ಅಡಿ ಲೆಕ್ಕ ಬರೆದುಕೊಂಡು. ಡೊಲರೈಟ್ ಎಂಬ ಕಪ್ಪು ಕಲ್ಲನ್ನು ನುಣ್ಣಗೆ ಉಜ್ಜಿ ಮಾಡಿದ ಕೊಡಲಿ, ಅಂದರೆ ನವಶಿಲಾಯುಗದ್ದು. ಇಂಥವನ್ನು ನಾವು ಇಟ್ಟುಕೊಳ್ಳುವುದಿಲ್ಲ, ಪುರಾತತ್ವ ಇಲಾಖೆಗೆ ತಿಳಿಸಿ ಎನ್ನುತ್ತೇವೆ. ಒಬ್ಬರು ಆಪರೇಷನ್ ಮಾಡಿ ತೆಗೆದ ಮೂತ್ರಪಿಂಡದ ಕಲ್ಲನ್ನು ಡಬ್ಬಿಯಲ್ಲಿ ತಂದಿದ್ದರು. ನಮ್ಮ ಹುಡುಗಿಯರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಅದನ್ನು ಹದಿನೈದು ನಿಮಿಷ ವಿವರಿಸಿದೆ. ಕ್ಯಾಲ್ಸಿಯಂ ಆಕ್ಸಲೇಟ್ ನೆಲದಲ್ಲೂ ಸಿಗುತ್ತದೆ, ವೆವೆಲೈಟ್ ಅಂತ ಖನಿಜದ ಹೆಸರೇ ಇದೆ ಎಂದಾಗ ಅವರಿಗಾದ ಖುಷಿ ನೋಡಬೇಕಿತ್ತು. ಸಾಲಿಗ್ರಾಮ ತಂದವರೂ ಬಹಳ. ಅದಕ್ಕೆ ಗೀರುವುದಿಲ್ಲ, ಆಸಿಡ್ ತೋರಿಸುವುದಿಲ್ಲ, ಬರೀ ಲೆನ್ಸ್. ಅಜ್ಜಿಯರ ಕೈಗೇ ಲೆನ್ಸ್ ಕೊಟ್ಟು, ನೇಪಾಳದ ಗಂಡಕಿಯ ಅಮೊನೈಟ್ (ಹಳೇ ಕಾಲದ ಸಮುದ್ರಜೀವಿಯ ಪಳೆಯುಳಿಕೆ) ಸುರುಳಿಯನ್ನು ಅವರೇ ನೋಡುವಂತೆ ಮಾಡುತ್ತೇವೆ. ಹಿಮಾಲಯದ ಜಾಗದಲ್ಲಿ ಸಮುದ್ರವಿತ್ತು ಎಂದರೆ ಅವರು ನಮಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಇದು ನಡೆಯುವುದಕ್ಕೆ ಎರಡು ಕಟ್ಟುನಿಟ್ಟು ಬೇಕು. ಜನರ ಕಲ್ಲನ್ನು ಯಾವತ್ತೂ ಇಟ್ಟುಕೊಳ್ಳಬಾರದು, ಎಷ್ಟೇ ಚೆನ್ನಾಗಿದ್ದರೂ. ಬೆಲೆ ಯಾವತ್ತೂ ಹೇಳಬಾರದು. ಒಮ್ಮೆ ಯಾರೋ ನಮ್ಮ ವಿದ್ಯಾರ್ಥಿಯೊಬ್ಬನ ಬಾಯಿಂದ "ಇದು ಒಳ್ಳೇ ಗಾರ್ನೆಟ್" ಅಂತ ಹೊರಡಿಸಿ, ಅದನ್ನು ಹಿಡಿದು ಚಿನ್ನದಂಗಡಿಗೆ ಹೋಗಿ ಗಲಾಟೆ ಮಾಡಿಕೊಂಡರು. ಆಮೇಲೆ ಸಣ್ಣ ಚೀಟಿ ಮಾಡಿಸಿದೆವು: ಗಟ್ಟಿತನ, ಉಜ್ಜಿದಾಗ ಬೀಳುವ ಗೆರೆಯ ಬಣ್ಣ, ಮ್ಯಾಗ್ನೆಟ್ಟಿಗೆ ಹಿಡಿಯಿತೇ, ಆಸಿಡ್ಡಿಗೆ ನೊರೆ ಬಂತೇ. ಸಹಿ ಇಲ್ಲ, ಸೀಲು ಇಲ್ಲ. ಪರೀಕ್ಷೆಯನ್ನು ತಂದವರೇ ಮಾಡಬೇಕು, ನಮ್ಮ ಹುಡುಗರು ಪಕ್ಕದಲ್ಲಿ ನಿಲ್ಲಬೇಕು, ಹೆಸರನ್ನು ಕೊನೆಗೆ ಹೇಳಬೇಕು. ಮೊದಲೇ ಹೆಸರು ಹೇಳಿದರೆ ಜನ ತಲೆಯಾಡಿಸಿ ಹೊರಟುಬಿಡುತ್ತಾರೆ. ಇನ್ನೊಂದು ಲಾಭ, ಹೀಗೆ ಮೇಜಿನ ಹಿಂದೆ ನಿಂತ ಮಕ್ಕಳು ವೈವಾದಲ್ಲಿ ತಡವರಿಸುವುದು ಕಡಿಮೆಯಾಯಿತು. ನಮ್ಮ ಸಭೆಯ ಹಿರಿಯರು ಒಪ್ಪಿದ್ದು ಇದನ್ನು ನೋಡಿದ ಮೇಲೆಯೇ.

ಸಾಮಾನಿಗೆ ದುಡ್ಡು ಸುರಿಯಬೇಡಿ. ಗೆರೆ ಎಳೆದು ನೋಡುವ ಸ್ಟ್ರೀಕ್ ಪ್ಲೇಟಿಗೆ ಬಾತ್‌ರೂಮ್ ಟೈಲ್ಸಿನ ಹಿಂಭಾಗ ಸಾಕು, ಅಂಗಡಿಯವರು ಒಡೆದದ್ದನ್ನು ಪುಕ್ಕಟೆ ಕೊಡುತ್ತಾರೆ. ಹಳೇ ಸ್ಪೀಕರಿನ ಮ್ಯಾಗ್ನೆಟ್, ಕಬ್ಬಿಣದ ಮೊಳೆ, ಕೆಮಿಸ್ಟ್ರಿಯವರಿಂದ ತೆಳು ಆಸಿಡ್. ಶಾಲೆಗಳಿಗೆಂದು ಕಲ್ಲಿನ ಪೆಟ್ಟಿಗೆಯನ್ನೂ ಮಾಡುತ್ತೇವೆ, ಅದರಲ್ಲಿ ಮಾದರಿ ಇಡಲು ಮೊಟ್ಟೆ ಟ್ರೇ. ಎರಡು ಸಾಲು ಕತ್ತರಿಸಿದರೆ ಹನ್ನೆರಡು ಗುಳಿ, ಒಂದು ಶಾಲೆಗೆ ಒಂದು ಪೆಟ್ಟಿಗೆ. ಸಂಡೂರಿನ ಅದಿರು, ಬಾದಾಮಿಯ ಕೆಂಪು ಮರಳುಗಲ್ಲು, ಶಹಾಬಾದ್ ಕಲ್ಲು, ಬಳಪದ ಕಲ್ಲು, ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು), ಹೀಗೆ. ಡಬ್ಬ, ಲೆನ್ಸ್, ಪುಸ್ತಿಕೆ ಎಲ್ಲ ಸೇರಿ ಮುನ್ನೂರೈವತ್ತರ ಆಸುಪಾಸು ಬೀಳುತ್ತದೆ. ಬಳಪದ ಕಲ್ಲನ್ನು ಉಗುರಿನಲ್ಲಿ ಗೀರಿಸಿ, ಬೇಲೂರು ಹಳೇಬೀಡಿನ ಅಷ್ಟು ಸೂಕ್ಷ್ಮ ಕೆತ್ತನೆ ಇಂಥ ಮೆತ್ತಗಿನ ಕಲ್ಲಿನದು ಎಂದರೆ ಸಾಕು, ಆ ತರಗತಿ ನಿಮ್ಮದೇ.

ಹೆಂಗಸರನ್ನು ಮ್ಯೂಸಿಯಂಗೆ ತಂದದ್ದು ಅಡುಗೆಮನೆ ಕಟ್ಟೆ. ಪಾಲಿಶ್ ಫ್ಯಾಕ್ಟರಿಗಳಲ್ಲಿ ಅಂಚಿನ ತುಂಡು ರಾಶಿ ಬಿದ್ದಿರುತ್ತದೆ. ಟೆಂಪೋ ಬಾಡಿಗೆ ಸಾವಿರದಿನ್ನೂರು ಕೊಟ್ಟು ಒಂದು ಲೋಡು ತಂದೆವು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಆಂಧ್ರದ ಚುಕ್ಕಿ ಕಪ್ಪು, ಕಡಪ ಕಲ್ಲು. ಪಕ್ಕದಲ್ಲೇ ಕಪಾಟಿನ ಮಾದರಿ. ಅಂಗಡಿಯವರು ಗ್ರಾನೈಟ್ ಎಂದು ಮಾರುವ ಕಪ್ಪು ಕಲ್ಲು ನಮ್ಮ ಲೆಕ್ಕದಲ್ಲಿ ಡೊಲರೈಟೋ ಗ್ಯಾಬ್ರೋನೋ ಆಗಿರುತ್ತದೆ ಎಂದು ಕೇಳಿದವರು ಮುಂದಿನ ತಿಂಗಳು ಮನೆಯ ನೆಲ, ಮೆಟ್ಟಿಲು, ತುಳಸಿಕಟ್ಟೆ ಎಲ್ಲದರ ಫೋಟೋ ಹಿಡಿದು ಬಂದರು. ನಿಂಬೆಹಣ್ಣು ಬಿದ್ದು ಕಲೆಯಾಗುವ ಕಲ್ಲು ಯಾವುದು ಎಂಬ ಪ್ರಶ್ನೆಗೆ ಉತ್ತರಿಸಿದಷ್ಟು ಬೇರೆ ಯಾವುದಕ್ಕೂ ಉತ್ತರಿಸಿಲ್ಲ.

ಕಲ್ಲು ಕೆಲಸದ ಒಬ್ಬ ಯಜಮಾನರನ್ನೂ ಕರೆದೆವು. ಬೀಸುವ ಕಲ್ಲು, ರುಬ್ಬುವ ಕಲ್ಲಿಗೆ ಉಳಿ ಹಾಕುವವರು. ಅವರು ನೈಸ್ (gneiss) ಎಂಬ ಪಟ್ಟೆ ಪಟ್ಟೆ ಕಲ್ಲಿನ ತುಂಡನ್ನು ಎರಡು ಸಲ ತಟ್ಟಿ, "ಸಾರ್, ಇದು ಅಡ್ಡ ಒಡೆಯಲ್ಲ, ಹಿಂಗೇ ಸೀಳ್ಬೇಕು" ಎಂದು ಪದರಗುಂಟ ಬೆರಳೆಳೆದು ತೋರಿಸಿದರು. ಅವತ್ತು ನಮ್ಮ ಪ್ರೊಫೆಸರುಗಳ ಮೇಜಿನ ಮುಂದೆ ಯಾರೂ ಇರಲಿಲ್ಲ. ದಿನಗೂಲಿ ಸಾವಿರದೈನೂರು ಕೊಡಬೇಕಿತ್ತು. ಹಣಕಾಸಿನವರು ಅವರ ಬಯೋಡೇಟಾ, ಪ್ಯಾನ್ ಕಾರ್ಡ್, ವಿದ್ಯಾರ್ಹತೆ ಕೇಳಿದರು. ಬಿಲ್ಲು ಮೂರು ತಿಂಗಳು ಮೇಜಿಂದ ಮೇಜಿಗೆ ಓಡಾಡಿತು. ಕೈಯಿಂದ ಕೊಟ್ಟಿದ್ದೆವು, ಸದ್ಯ. ಪ್ರವೇಶಕ್ಕೆ ಹತ್ತು ರೂಪಾಯಿ ಇಡೋಣ ಎಂದಾಗಲೂ ಹೀಗೇ: ಬ್ಯಾಂಕಿನಲ್ಲಿ ಚಲನ್ ಕಟ್ಟಿ ಬರಬೇಕಂತೆ. ಹತ್ತು ರೂಪಾಯಿಗೆ ಯಾರು ಚಲನ್ ಕಟ್ಟುತ್ತಾರೆ? ಪ್ರವೇಶ ಉಚಿತ ಮಾಡಿ, ಶಾಲಾ ಪೆಟ್ಟಿಗೆಗಳನ್ನು ಹಳೇ ವಿದ್ಯಾರ್ಥಿಗಳ ಸಂಘದ ಕಡೆಯಿಂದ ಮಾರಿದೆವು. ವರ್ಷಕ್ಕೆ ಇಪ್ಪತ್ತು ಸಾವಿರದ ಅನುದಾನಕ್ಕಿಂತ ಈ ಪೆಟ್ಟಿಗೆಯಿಂದ ಬಂದದ್ದೇ ಜಾಸ್ತಿ.

ಕೆಲವು ಹುಚ್ಚು ಪ್ರಯೋಗಗಳೂ ಆದವು. ಸ್ಟೋರ್ ರೂಮಿಗೆ ಕಪ್ಪು ಬಟ್ಟೆ ಕಟ್ಟಿ, ಮುನ್ನೂರು ರೂಪಾಯಿಯ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತಂದೆವು. ಯುವಿಗೆ ಹೊಳೆಯಬೇಕಿದ್ದ ಷೀಲೈಟ್ (ಟಂಗ್‌ಸ್ಟನ್ ಅದಿರು), ಕೋಲಾರದ ಹಳೇ ಸಂಗ್ರಹದ ತುಂಡು, ಅದಕ್ಕೆ ಕ್ಯಾರೇ ಅನ್ನಲಿಲ್ಲ. ಅದಕ್ಕೆ ಶಾರ್ಟ್‌ವೇವ್, ಅಂದರೆ ಚಿಕ್ಕ ಅಲೆಯ ಯುವಿ ಬೇಕಲ್ಲ, ಟಾರ್ಚಿನದು ಉದ್ದ ಅಲೆಯ ಲಾಂಗ್‌ವೇವ್. ಮಕ್ಕಳು ಮಾತ್ರ ತಮ್ಮ ಬಿಳೀ ಯೂನಿಫಾರ್ಮ್ ಶರಟು ನೀಲಿಯಾಗಿ ಹೊಳೆಯುವುದನ್ನು ನೋಡಿ ಕೂಗಾಡಿದರು. ಸೋಪಿನ ಪುಡಿಯ ಮಹಿಮೆ. ಶಾರ್ಟ್‌ವೇವ್ ದೀಪಕ್ಕೆ ಹನ್ನೆರಡು ಸಾವಿರ ಬಿತ್ತು. ಕಣ್ಣಿಗೆ ಅಪಾಯ ಎಂದು ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಕಲ್ಲಿನ ಜೊತೆಗೇ ಇಟ್ಟಿದ್ದೇವೆ. ಗಾಜು ಆ ಕಿರಣವನ್ನು ತಡೆಯುತ್ತದೆ, ಷೀಲೈಟಿನ ನೀಲಿ ಬೆಳಕು ಹೊರಗೆ ಚೆನ್ನಾಗಿ ಕಾಣುತ್ತದೆ.

ಚಿನ್ನ ಜಾಲಿಸುವ ಆಟವೂ ಮಾಡಿದೆವು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯದು ಈಗಲೂ ನಡೆಯುತ್ತಿದೆ, ಇದು ಎಲ್ಲರಿಗೂ ಗೊತ್ತು. ಕಪ್ಪತಗುಡ್ಡದ ಕಡೆ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರ ಬಗ್ಗೆ ಗೊತ್ತಿರುವವರು ಕಡಿಮೆ. ಕರಿ ಮರಳಿಗೆ ಲೇತ್ ಅಂಗಡಿಯ ಹಿತ್ತಾಳೆ ಪುಡಿ ಬೆರೆಸಿ, ಬೋಗುಣಿ ಕೊಟ್ಟೆವು. ಮಕ್ಕಳಿಗೆ ಹಬ್ಬ. ಸಂಜೆ ಹೊತ್ತಿಗೆ ವಿಭಾಗದ ಚರಂಡಿ ಕಟ್ಟಿಕೊಂಡು ಕಾರಿಡಾರಿಗೆ ನೀರು ನುಗ್ಗಿತು. ಈಗ ಅದನ್ನು ಹೊರಗೆ ಹೊಂಗೆ ಮರದ ಕೆಳಗೆ, ದೊಡ್ಡ ಟಬ್ಬಿನಲ್ಲಿ ಅದೇ ನೀರು ತಿರುಗಿ ಬಳಸಿ ಮಾಡುತ್ತೇವೆ.

ನನಗೆ ತುಂಬ ಇಷ್ಟವಾದದ್ದು ಕಲ್ಲಿನ ವಾದ್ಯ. ಬಳ್ಳಾರಿ ಹತ್ತಿರದ ಸಂಗನಕಲ್ಲು ಕುಪ್ಗಲ್ ಗುಡ್ಡದಲ್ಲಿ ತಟ್ಟಿದರೆ ಗಂಟೆಯಂತೆ ನಾದ ಕೊಡುವ ಡೊಲರೈಟ್ ಬಂಡೆಗಳನ್ನು ನೋಡಿ ಬಂದ ಮೇಲೆ ತಲೆಗೆ ಹೊಕ್ಕಿತು. ಫ್ಯಾಕ್ಟರಿಯ ಕಪ್ಪು ಪಟ್ಟಿಗಳನ್ನೇ ಎರಡಡಿ ಉದ್ದಕ್ಕೆ ಕತ್ತರಿಸಿ, ದಾರದಲ್ಲಿ ತೂಗುಹಾಕಿದೆ. ಮೊದಲು ತುದಿಗೆ ಕಟ್ಟಿದ್ದೆ, ಟಪ್ ಟಪ್ ಅಂತ ಸತ್ತ ಸದ್ದು. ನಡುವಿಗೆ ಸರಿಸಿದೆ, ಆಗಲೂ ಇಲ್ಲ. ಎರಡೂ ತುದಿಯಿಂದ ಸುಮಾರು ಐದನೇ ಒಂದು ಭಾಗಕ್ಕಿಂತ ಚೂರು ಒಳಗೆ ಕಟ್ಟಿದಾಗ ಬಾಯಿಬಿಟ್ಟಿತು. ಈಗ ಎಂಟು ಪಟ್ಟಿ ಇವೆ, ಸರಿಗಮ ಬರುತ್ತದೆ. ಉದ್ದ ಬದಲಿಸದೆ ಸ್ವರ ಕೂಡಿಸುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಅದಕ್ಕೆ ಒಂದು ಬೇಸಿಗೆ ರಜೆ ಪೂರ್ತಿ ಹೋಗಿದೆ, ಬಂದು ನೋಡಿದವರಿಗೆ ತೋರಿಸುತ್ತೇನೆ.

ಬಸ್ಸು ಪ್ರವಾಸದಲ್ಲಿ ನಷ್ಟ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ನಲವತ್ತು ಜನರನ್ನು ಕರೆದುಕೊಂಡು ಹೋದೆವು. ತಲೆಗೆ ಇನ್ನೂರೈವತ್ತು ತೆಗೆದುಕೊಂಡರೂ ಡೀಸೆಲ್, ಬಾಟಾ, ಊಟ ಸೇರಿ ಮೂರು ಸಾವಿರ ಕೈ ಬಿಟ್ಟಿತು. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಉಕ್ಕಿ ದಿಂಬಿನಂತೆ ಗಟ್ಟಿಯಾದ ಲಾವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಡು ಮಧ್ಯಾಹ್ನದ ಬಿಸಿಲಲ್ಲಿ ಹತ್ತು ನಿಮಿಷ ನೋಡಿ, "ಸರ್, ಕೋಟೆಗೆ ಯಾವಾಗ?" ಎಂದರು. ಮುಂದಿನ ಸಲ ತಿರುವು ಮುರುವು ಮಾಡಿದೆವು. ಬೆಳಿಗ್ಗೆ ಕೋಟೆ, ಓಬವ್ವನ ಕಿಂಡಿಯ ಹತ್ತಿರ ನಿಂತೇ ಗ್ರಾನೈಟಿನಲ್ಲಿ ಸೀಳು ಹೇಗೆ ಬೀಳುತ್ತದೆ ಎಂಬ ಪಾಠ. ಮರಡಿಹಳ್ಳಿ ಸಂಜೆ ನಾಲ್ಕೂವರೆಗೆ. ಓರೆ ಬಿಸಿಲಿಗೆ ಒಂದೊಂದು ದಿಂಬಿನ ಅಂಚೂ ಎದ್ದು ಕಾಣುತ್ತದೆ, ಕೈಯಲ್ಲಿ ತೋರಿಸುವ ಕೆಲಸವೇ ಇಲ್ಲ. ದುಡ್ಡು ಮಾತ್ರ ಈಗಲೂ ಸರಿಹೋಗುವುದಿಲ್ಲ.

ಸದ್ಯದ ತೊಂದರೆ ಪೆಟ್ಟಿಗೆಗೆ ಮಾದರಿ ಸಾಲದಿರುವುದು. ಉತ್ತರ ಕರ್ನಾಟಕದ ಕಡೆಯ ಲಾವಾ ಕಲ್ಲಾದ ಡೆಕ್ಕನ್ ಟ್ರ್ಯಾಪಿನಲ್ಲಿ ಸಿಗುವ ಜಿಯೋಲೈಟ್ ಖನಿಜ ಮುಗಿದಿದೆ, ಕ್ರೋಮೈಟ್ ಇನ್ನು ಮೂವತ್ತು ಪೆಟ್ಟಿಗೆಗೆ ಆದೀತು. ನಮ್ಮಲ್ಲಿ ಫುಕ್ಸೈಟ್ ಕ್ವಾರ್ಟ್ಜೈಟ್ (ಹಸಿರು ಅಭ್ರಕವಿರುವ ಕಲ್ಲು) ಎರಡು ಗೋಣಿಚೀಲ ಇದೆ. ಉತ್ತರ ಕರ್ನಾಟಕದ ಯಾವುದಾದರೂ ವಿಭಾಗದವರು ಬದಲಾಯಿಸಿಕೊಳ್ಳುವುದಾದರೆ ಹೇಳಿ. ಬಸ್ಸಿಗೆ ಹಾಕಿ ಕಳಿಸುವ ಖರ್ಚು ಅರ್ಧ ಅರ್ಧ.