ಉಳಿದು ಬಂದವರ ಕತೆಯನ್ನು ಓದುವುದು ಹೇಗೆ?

ಬರ, ನೆರೆ, ಯುದ್ಧ, ಹಸಿವು ದಾಟಿ ಬಂದವರ ಕತೆ ಓದಲು ಕೂತಾಗ ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ಹತ್ತಿರ ಇರಲಿ. ಪೆನ್ ಬೇಡ. ಮೊದಲ ಓದಿನಲ್ಲಿ ಹಾಕಿದ ಗುರುತನ್ನು ಎರಡನೇ ಓದಿನಲ್ಲಿ ಅಳಿಸಿ ಬೇರೆ ಕಡೆ ಹಾಕಬೇಕಾಗುತ್ತದೆ. ಇಂಥ ಕತೆಗಳಲ್ಲಿ ಅದು ಆಗೇ ಆಗುತ್ತದೆ.

ನಾನು ರೋಣದ ಕಡೆ, ಮಲಪ್ರಭಾ ದಂಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೆಟಗೇರಿಯಲ್ಲಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಕೊಣ್ಣೂರು, ಲಖಮಾಪುರ, ಮೆಣಸಗಿ, ಹೊಳೆಆಲೂರು ಕಡೆ ಹೊಳೆ ಊರೊಳಗೆ ಬಂತು. ಆಗ ಎರಡನೇ, ಮೂರನೇ ಕ್ಲಾಸಿನಲ್ಲಿದ್ದ ಮಕ್ಕಳು ಆಮೇಲೆ ನನ್ನ ಬೆಂಚುಗಳಲ್ಲಿ ಬಂದು ಕೂತರು. ಕಷ್ಟ ದಾಟಿದವರ ಪಾಠ ಬಂದಾಗ "ಧೈರ್ಯವಿದ್ದರೆ ಎಲ್ಲವೂ ಸಾಧ್ಯ" ಎಂದು ಬರೆಸಿ ಮುಂದೆ ಹೋಗುವುದು ನನ್ನಿಂದ ಆಗುವುದಿಲ್ಲ. ಧೈರ್ಯವಿದ್ದವರ ಮನೆಯೂ ಬಿದ್ದದ್ದನ್ನು ಈ ಮಕ್ಕಳು ಕಣ್ಣಾರೆ ನೋಡಿದ್ದಾರೆ.

ಜೀವ ಉಳಿಯುವುದು ಒಂದು. ಉಳಿದ ಮೇಲೆ ಅದೇ ಮನೆ, ಅದೇ ಹೊಳೆ, ಅದೇ ಜನ ಬೇರೆ ಥರ ಕಾಣುವುದು ಇನ್ನೊಂದು. ಒಳ್ಳೆಯ ಬರಹಗಾರರು ಎರಡನೆಯದಕ್ಕೆ ಜಾಸ್ತಿ ಜಾಗ ಕೊಡುತ್ತಾರೆ. ಕ್ಲಾಸಿನಲ್ಲಿ ಮಕ್ಕಳ ಜೊತೆ, ಗದಗಿನಲ್ಲಿ ಭಾನುವಾರ ಸೇರುವ ಗೆಳತಿಯರ ಜೊತೆ ಓದುತ್ತಾ ಅದನ್ನು ಹಿಡಿಯಲು ನಾನು ಮಾಡಿಕೊಂಡ ದಾರಿಯನ್ನು ಇಲ್ಲಿ ಹೇಳುತ್ತಿದ್ದೇನೆ.

ನಡೆದ ವರ್ಷ, ಹೇಳಿದ ವರ್ಷ

ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಎರಡು ಇಸವಿ ಬರೆಯಿರಿ. ಘಟನೆ ಯಾವಾಗ ನಡೆಯಿತು? ಅದನ್ನು ಬರೆದದ್ದು ಯಾವಾಗ? ನಡುವಿನ ಅಂತರ ನೋಡಿದರೆ ಅರ್ಧ ಕೆಲಸ ಆದಂತೆ.

ಯಹೂದಿ ಹುಡುಗಿ ಆನ್ ಫ್ರಾಂಕ್ ದಿನಚರಿಯಲ್ಲಿ ಈ ಅಂತರ ಇಲ್ಲವೇ ಇಲ್ಲ ಅನ್ನಬಹುದು. 1942ರ ಜೂನ್‌ನಲ್ಲಿ, ಹದಿಮೂರು ತುಂಬಿದ ದಿನ ಶುರು ಮಾಡಿದಳು. ಮುಂದಿನ ತಿಂಗಳು ನಾಜಿಗಳ ಕಣ್ಣು ತಪ್ಪಿಸಿ ಮನೆಯವರ ಜೊತೆ ಆಂಸ್ಟರ್‌ಡ್ಯಾಮಿನಲ್ಲಿ ಅಡಗಿ ಕೂತಳು. 1944ರ ಆಗಸ್ಟ್ 4ಕ್ಕೆ ಎಲ್ಲರೂ ಸಿಕ್ಕಿಬಿದ್ದರು. ಬರೆಯುವಾಗ ಅವಳಿಗೆ ಕೊನೆ ಗೊತ್ತಿಲ್ಲ, ಅವಳು ಉಳಿಯಲಿಲ್ಲ ಎಂದು ಓದುವ ನಮಗೆ ಗೊತ್ತು. ಆದರೂ ಅಷ್ಟು ಸಣ್ಣ ಅವಧಿಯಲ್ಲೇ ನೋಟ ಬದಲಾಗುತ್ತದೆ. 1944ರ ಮಾರ್ಚ್‌ನಲ್ಲಿ ಅವಳು ತನ್ನ 1942ರ ದಿನಗಳನ್ನು ತಿರುಗಿ ನೋಡುತ್ತಾಳೆ. ಶಾಲೆಯಲ್ಲಿ ಎಲ್ಲರ ಮುದ್ದಿನವಳಾಗಿದ್ದ ಆ ಹುಡುಗಿ ಬೇರೆ ಯಾರೋ ಅನ್ನಿಸುತ್ತಾಳೆ. ಆ ಪುಟ ಸಿಕ್ಕರೆ ಎರಡು ಸಲ ಓದಿ. ಒಂಬತ್ತನೇ ಕ್ಲಾಸಿನ ಹುಡುಗಿಯರು ಈ ಪುಟಕ್ಕೆ ಬಂದಾಗ ಪಿಸುಮಾತು ನಿಲ್ಲಿಸುತ್ತಾರೆ. ಅವರದ್ದೂ ಅದೇ ವಯಸ್ಸು.

ಇದರ ಎದುರಿಗೆ ಪ್ರಿಮೋ ಲೆವಿಯನ್ನು ಇಡಿ. ಆಶ್‌ವಿಟ್ಜ್ ಎಂಬ ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದ ಇಟಲಿಯ ಕೆಮಿಸ್ಟ್. ಬಂದ ಸ್ವಲ್ಪ ದಿನಕ್ಕೇ ಬರೆದ ಪುಸ್ತಕ 1947ರಲ್ಲಿ ಬಂತು. ಅದೇ ಕ್ಯಾಂಪಿನ ಬಗ್ಗೆ ಮತ್ತೊಂದು ಪುಸ್ತಕ ಬಂದದ್ದು 1986ರಲ್ಲಿ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡಬೇಕು ಎನ್ನುವ ತರಾತುರಿ ಮೊದಲನೆಯದರಲ್ಲಿದೆ. ಎರಡನೆಯದರಲ್ಲಿ ಅವನು ತನ್ನ ಸಾಕ್ಷಿಯನ್ನೇ ಪ್ರಶ್ನೆ ಮಾಡುತ್ತಾನೆ. ತಳ ಮುಟ್ಟಿದವರು ತಿರುಗಿ ಬರಲಿಲ್ಲ, ಬಂದ ನಾವು ಪೂರ್ತಿ ಸಾಕ್ಷಿಗಳಲ್ಲ ಎನ್ನುತ್ತಾನೆ. ಕ್ಯಾಂಪ್ ಅದೇ, ಮನುಷ್ಯ ಅವನೇ. ಅಷ್ಟು ವರ್ಷದ ಆಮೇಲೆ ಕಣ್ಣು ಬೇರೆ ಕಡೆ ಹೋಗಿದೆ. ಉಳಿದವರು ಹೇಳುವ ಯಾವ ಕತೆ ಓದುವಾಗಲೂ ಈ ಮಾತನ್ನು ಜೊತೆಗೆ ಇಟ್ಟುಕೊಳ್ಳಿ.

ಊಟ, ನೀರು, ನಿದ್ದೆ

ಮೊದಲ ಓದಿನಲ್ಲಿ ವಿಚಾರದ ಸಾಲುಗಳಿಗೆ ಗೆರೆ ಎಳೆಯಬೇಡಿ. ಏನು ತಿಂದರು, ಎಲ್ಲಿ ಮಲಗಿದರು, ಕಾಲಿಗೆ ಏನಿತ್ತು, ಇವುಗಳಿಗೆ ಎಳೆಯಿರಿ. ಜೀವ ಉಳಿಸಿಕೊಳ್ಳುವವರು ಮೊದಲು ನೋಡುವುದು ಇವನ್ನೇ. ನೆರೆಯ ಬಗ್ಗೆ ಮಕ್ಕಳು ಬರೆದಾಗಲೂ ನೀರಿನ ಎತ್ತರಕ್ಕಿಂತ ಜಾಸ್ತಿ ಬಂದದ್ದು ಊಟ. ಬೇರೆ ಊರಿನವರು ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಿಟ್ಟು ಬಂದ ಜೋಳದ ಚೀಲ. ಒಬ್ಬ ಹುಡುಗ ಒಂದೂವರೆ ಪುಟ ಬರೀ ಎಮ್ಮೆಯ ಬಗ್ಗೆ ಬರೆದಿದ್ದ. ಹಗ್ಗ ಬಿಚ್ಚಿದ್ದು ಯಾರು ಅಂತ ಮನೆಯಲ್ಲಿ ಇನ್ನೂ ವಾದ ನಡೆಯುತ್ತದಂತೆ.

ದೇವನೂರ ಮಹಾದೇವ ಅವರ 'ಒಡಲಾಳ' ಇದಕ್ಕೆ ನನ್ನ ಮೆಚ್ಚಿನ ಪಾಠ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಎಲ್ಲರೂ ಸುತ್ತ ಕೂತು ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ನೋಟ್‌ಬುಕ್ಕಿನಲ್ಲಿ ಹಾಳೆಯನ್ನು ಎರಡು ಭಾಗ ಮಾಡಿ. ಒಂದು ಕಡೆ ಠಾಣೆಯ ಕಾಗದದಲ್ಲಿ ಈ ರಾತ್ರಿ ಹೇಗೆ ದಾಖಲಾಗುತ್ತದೆ ಎಂದು ಬರೆಯಿರಿ. ಇನ್ನೊಂದು ಕಡೆ ಒಲೆಯ ಪಕ್ಕ ಕೂತ ಮಗುವಿಗೆ ಹೇಗೆ ನೆನಪಿರುತ್ತದೆ ಎಂದು ಬರೆಯಿರಿ. ಮೊದಲನೆಯದು ಎರಡೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಎರಡನೆಯದು ಬರೆದಷ್ಟೂ ಬೆಳೆಯುತ್ತದೆ. ಕಾದಂಬರಿ ಯಾವ ಕಡೆ ಕೂತು ಬರೆದದ್ದು ಅಂತ ಆಮೇಲೆ ನಾನು ಹೇಳಬೇಕಾಗಿಲ್ಲ.

ನೋಟ ತಿರುಗಿದ ಪುಟ

ಇನ್ನು ಮುಖ್ಯವಾದ ಕೆಲಸ. ಒಂದೇ ವಸ್ತು, ಒಂದೇ ಜಾಗ ಅಥವಾ ಒಬ್ಬನೇ ಮನುಷ್ಯ ಕತೆಯಲ್ಲಿ ಎರಡು ಸಲ ಎಲ್ಲಿ ಬರುತ್ತಾನೆ ಎಂದು ಹುಡುಕಿ. ಎರಡನೇ ಸಲ ಅದು ಬೇರೆಯಾಗಿ ಕಂಡರೆ ನಡುವೆ ಏನೋ ಆಗಿದೆ. ಆ ನಡುವಿನ ಪುಟದಲ್ಲಿ ನಿಲ್ಲಿ.

ಡೇನಿಯಲ್ ಡೆಫೋ 1719ರಲ್ಲಿ ಪ್ರಕಟಿಸಿದ 'ರಾಬಿನ್ಸನ್ ಕ್ರೂಸೋ' ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ಮಕ್ಕಳ ಪುಸ್ತಕದಲ್ಲಿ ಓದಿ ಬಿಟ್ಟಿರುತ್ತೇವೆ, ಅಲ್ವಾ? ದೊಡ್ಡವರಾದ ಮೇಲೆ ಮತ್ತೆ ಓದಿ. ಹಡಗು ಒಡೆದು ದ್ವೀಪಕ್ಕೆ ಬಿದ್ದವನು ಶುರುವಿನಲ್ಲಿ ವ್ಯಾಪಾರಿಗಳ ಥರ ಜಮಾ ಖರ್ಚು ಬರೆಯುತ್ತಾನೆ. ಒಂದು ಕಡೆ ಕೆಟ್ಟದ್ದು, ಎದುರಿಗೆ ಒಳ್ಳೆಯದು. ಯಾರೂ ಇಲ್ಲದ ದ್ವೀಪದಲ್ಲಿ ಬಿದ್ದಿದ್ದೇನೆ, ಆದರೆ ಜೊತೆಯವರೆಲ್ಲ ಮುಳುಗಿದಾಗ ನಾನು ಬದುಕಿದ್ದೇನೆ. ಈ ಪಟ್ಟಿ ನೋಡಿದರೆ ಅವನಿಗೆ ಮನುಷ್ಯರ ಹಸಿವು ಎಷ್ಟಿದೆ ಅಂತ ಗೊತ್ತಾಗುತ್ತದೆ. ಮಾತಾಡಲು ಒಬ್ಬರಿಲ್ಲ ಎನ್ನುವುದೂ ಕೆಟ್ಟದ್ದರ ಸಾಲಿನಲ್ಲಿದೆ.

ವರ್ಷಗಳು ಕಳೆಯುತ್ತವೆ. ಒಂದು ದಿನ ಮರಳಿನ ಮೇಲೆ ಬರಿಗಾಲಿನ ಒಂದೇ ಒಂದು ಹೆಜ್ಜೆ ಗುರುತು ಕಾಣುತ್ತದೆ. ಅವನು ಓಡಿಹೋಗುತ್ತಾನೆ. ರಾತ್ರಿ ನಿದ್ದೆ ಬರುವುದಿಲ್ಲ. ದೆವ್ವದ್ದೋ ಎಂದುಕೊಳ್ಳುತ್ತಾನೆ. ನನ್ನದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಹೋಗಿ ಅಳೆಯುತ್ತಾನೆ. ಅಳತೆ ಹೊಂದುವುದಿಲ್ಲ. ಯಾರಾದರೂ ಬರಲಿ ಎಂದು ಕಾದವನಿಗೆ ಯಾರೋ ಬಂದಿದ್ದಾರೆ ಎಂಬುದೇ ನಡುಕ ಹುಟ್ಟಿಸುತ್ತದೆ. ಬೇಲಿ ಇನ್ನೂ ಗಟ್ಟಿ ಮಾಡುತ್ತಾನೆ, ಇನ್ನಷ್ಟು ಅಡಗುತ್ತಾನೆ. ಒಬ್ಬನೇ ಬದುಕಿ ಬದುಕಿ ಮನುಷ್ಯರೇ ಅವನಿಗೆ ಶತ್ರುಗಳಂತೆ ಕಾಣತೊಡಗಿದ್ದಾರೆ. ಬದುಕಲು ಕಲಿತ ಜಾಣತನದಲ್ಲೇ ಈ ಭಯವೂ ಬೆಳೆದಿದೆ.

ಈ ಪುಟವನ್ನು ಭಾನುವಾರದ ಗುಂಪಿನಲ್ಲಿ ಓದಿದಾಗ ಹಿರಿಯರೊಬ್ಬರು ಪರಿಹಾರ ಕೇಂದ್ರದ ಮಾತು ತೆಗೆದರು. ಮನೆಗೆ ಹೋಗೋಣ ಎಂದು ದಿನಾ ಅಳುತ್ತಿದ್ದ ಅವರ ತಂಗಿ, ಮನೆಗೆ ಹೋದ ಮೇಲೆ ಹೊಸ್ತಿಲು ದಾಟಲು ಒಪ್ಪಲಿಲ್ಲವಂತೆ. "ಬೇಕಂದದ್ದ ಬಂದಾಗ ಅಂಜಿಕಿ ಬರ್ತದ್ರೀ" ಅಂದರು. ಕ್ರೂಸೋ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಲ್ಲೇ ಒಂದು ಸಣ್ಣ ಮಾತು. ಡೆಫೋ ಬರೆಯುವ ಮೊದಲೇ ಅಲೆಕ್ಸಾಂಡರ್ ಸೆಲ್ಕಿರ್ಕ್ ಎಂಬ ನಾವಿಕ 1704ರಿಂದ 1709ರವರೆಗೆ ಚಿಲಿ ಕರಾವಳಿಯಾಚೆಯ ಒಂದು ದ್ವೀಪದಲ್ಲಿ ಒಬ್ಬನೇ ಇದ್ದ. ಅವನ ಹಡಗು ಒಡೆದಿರಲಿಲ್ಲ. ಅದರ ಗಟ್ಟಿತನ ನಂಬದೆ ತಾನೇ ಇಳಿದಿದ್ದ. ಅವನದು ನಾಲ್ಕು ವರ್ಷ ಚಿಲ್ಲರೆ, ಕ್ರೂಸೋದು ಇಪ್ಪತ್ತೆಂಟು ವರ್ಷ. ನಡೆದದ್ದಕ್ಕೂ ಕಾದಂಬರಿಗೂ ಇರುವ ಇಂಥ ವ್ಯತ್ಯಾಸ ಸಿಕ್ಕರೆ ಬರೆದಿಟ್ಟುಕೊಳ್ಳಿ. ನೋಟ ಮಾಗಲು ಕ್ರೂಸೋಗೆ ಅಷ್ಟು ಕಾಲ ಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಕೂತ ಜಾಗ ಬದಲಿಸಿ

ಯಾರೋ ಉಳಿದರು ಎಂದಾಗ ಯಾರು ಹೋದರು ಎಂದೂ ಕೇಳಿ. ನಮ್ಮ 'ಕೆರೆಗೆ ಹಾರ' ಹಾಡು ಇದನ್ನು ಕಲಿಸುವಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸಲಾರದು. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬೀಳುವುದಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕು ಎಂದಾಗುತ್ತದೆ. ಊರು ಉಳಿಯಬೇಕಾದರೆ ನೀರು ಬೇಕು, ಅದು ನಿಜ. ಬಯಲು ಸೀಮೆಯಲ್ಲಿ ಇದ್ದವರಿಗೆ ಆ ಕಷ್ಟ ವಿವರಿಸಬೇಕಾಗಿಲ್ಲ. ಊರಿನ ಕಡೆಯಿಂದ ಹೇಳಿದ್ದರೆ ಇದು ಬರ ಗೆದ್ದ ಕತೆ ಆಗುತ್ತಿತ್ತು.

ಆದರೆ ಹಾಡು ಭಾಗೀರಥಿಯ ಹಿಂದೆ ನಡೆಯುತ್ತದೆ. ಅವಳು ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಎಂದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಮರೆಸುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಮರೆತು ಬಂದ ಬಂಗಾರದ ಬಟ್ಟಲು ತರಲು ಅವಳೊಬ್ಬಳನ್ನೇ ಕಳಿಸುತ್ತಾರೆ. ಮೆಟ್ಟಿಲು ಮೆಟ್ಟಿಲಿಗೆ ನೀರು ಏರುತ್ತದೆ. ಊರಿನವರು ಕಾದ ನೀರು, ಅವಳನ್ನು ಮುಳುಗಿಸುವ ನೀರು, ಎರಡೂ ಒಂದೇ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಬಂದು, ವಿಷಯ ತಿಳಿದು ಅದೇ ಕೆರೆಗೆ ಹಾರುತ್ತಾನೆ.

ಕ್ಲಾಸಿನಲ್ಲಿ ಹೀಗೆ ಮಾಡಿ. ಒಬ್ಬರು ಹಿರಿಸೊಸೆಯಾಗಿ ಬರೆಯಲಿ, ಒಬ್ಬರು ಅತ್ತೆಯಾಗಿ, ಒಬ್ಬರು ಮರುದಿನ ಆ ಕೆರೆಯಿಂದ ಕೊಡ ತುಂಬಿಕೊಂಡು ಹೋದ ಹೆಂಗಸಾಗಿ. ಅರ್ಧ ಪುಟ ಸಾಕು. ತೀರ್ಪು ಬರೆಯಬಾರದು, ಆ ದಿನ ಅವರು ಏನು ಮಾಡಿದರು ಎಂದಷ್ಟೇ ಬರೆಯಬೇಕು. ನೀರು ತಂದ ಹೆಂಗಸಿನ ಪಾಲು ಎಲ್ಲಕ್ಕಿಂತ ಕಷ್ಟ. ಅವಳ ಮನೆಯಲ್ಲೂ ಬಾಯಾರಿದ ಮಕ್ಕಳಿದ್ದಾರೆ. ಒಬ್ಬ ಹುಡುಗಿ ಕೇಳಿದಳು, "ಅಕ್ಕೋರ, ಆಕಿ ಆ ನೀರು ಕುಡಿದ್ಲೋ ಇಲ್ಲೋ?" ಉತ್ತರ ನೀನೇ ಬರಿ ಎಂದೆ.

ಮಹಾಭಾರತದ ಅರಗಿನ ಮನೆಗೂ ಇದೇ ಪ್ರಶ್ನೆ ಹಚ್ಚಿ. ಕುಂತಿ ಮತ್ತು ಪಾಂಡವರು ಸುರಂಗದಿಂದ ಪಾರಾದರು ಎಂದು ನಮಗೆ ಖುಷಿ. ಒಳಗೆ ಒಬ್ಬ ನಿಷಾದ ಹೆಂಗಸು ಮತ್ತು ಅವಳ ಐದು ಮಕ್ಕಳು ಮಲಗಿದ್ದರು. ಆ ಆರು ಹೆಣ ಸಿಕ್ಕಿದ್ದರಿಂದಲೇ ಜನ ಪಾಂಡವರು ಸತ್ತರೆಂದು ನಂಬಿದರು. ಅವರ ಹೆಸರನ್ನೂ ಯಾರೂ ಹೇಳುವುದಿಲ್ಲ. ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ತಮ್ಮ ಕತೆಯಲ್ಲಿ ವಯಸ್ಸಾದ ಕುಂತಿಯ ಎದುರಿಗೆ ಕಾಡಿನಲ್ಲಿ ನಿಷಾದ ಹೆಂಗಸೊಬ್ಬಳನ್ನು ತಂದು ನಿಲ್ಲಿಸಿ ಇದೇ ಪ್ರಶ್ನೆ ಕೇಳಿಸಿದ್ದಾರೆ. ಕುಮಾರವ್ಯಾಸನ ಗದಗಿನಲ್ಲಿ ಕೂತು ಭಾರತ ಓದುವ ನಾವು ಈ ಪ್ರಶ್ನೆ ಕೇಳದೆ ಬಿಡಬಾರದು.

ಓದಿಸುವವರಿಗೆ

ಕಷ್ಟ ಕಂಡ ಮಕ್ಕಳಿಗೆ "ನಿನ್ನ ಅನುಭವ ಬರಿ" ಎಂದು ಒತ್ತಾಯ ಮಾಡಬೇಡಿ. ಬೇಕಾದವರು ಬರೆಯಲಿ. ಬೇಡವಾದವರು ಎಮ್ಮೆಯ ಕಡೆಯಿಂದಲೋ, ಬಾಗಿಲ ಕಡೆಯಿಂದಲೋ ಬರೆಯಲಿ. 'ನಾನು' ಎನ್ನುವುದರ ಬದಲು 'ಅವಳು' ಎಂದು ಬರೆದರೂ ಮಾರ್ಕ್ಸ್ ಕಡಿಮೆ ಮಾಡಬೇಡಿ. ದೂರ ನಿಂತರೆ ಕೆಲವರಿಗೆ ಮಾತು ಬರುತ್ತದೆ. ಬರೆದದ್ದನ್ನು ಅವರನ್ನು ಕೇಳದೆ ಜೋರಾಗಿ ಓದಬಾರದು. ಅಳು ಬಂದರೆ ಪಾಠ ನಿಲ್ಲಲಿ, ಸಿಲೆಬಸ್ ಎಲ್ಲೂ ಓಡಿಹೋಗುವುದಿಲ್ಲ.

ಹೊಸದಾಗಿ ಶುರು ಮಾಡುವವರು ದಪ್ಪ ಪುಸ್ತಕಕ್ಕೆ ಕೈ ಹಾಕುವುದು ಬೇಡ. ಮೊದಲು 'ಕೆರೆಗೆ ಹಾರ', ಆಮೇಲೆ 'ಒಡಲಾಳ', ಆಮೇಲೆ ಆನ್ ಫ್ರಾಂಕ್. ಕ್ರೂಸೋನ ಪೂರ್ತಿ ಪುಸ್ತಕ ರಜೆಗೆ ಇರಲಿ. ಲೆವಿಯನ್ನು ದೊಡ್ಡವರು ಓದಲಿ. ನಮ್ಮದೇ ಸೀಮೆಯ ಕಾದಂಬರಿ ಬೇಕೆಂದರೆ ನವಲಗುಂದದ ಮನೆತನವೊಂದರ ಏಳುಬೀಳು ಹೇಳುವ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಇದೆ. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಧಾರವಾಡಕ್ಕೆ ಹೋದಾಗ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಕೇಳಿ.

ಮನೆಯಲ್ಲಿ ಹಾಡುವ ಅಜ್ಜಿ ಇದ್ದರೆ ಪುಸ್ತಕಕ್ಕಿಂತ ಮೊದಲು ಅವರ ಹತ್ತಿರ ಕೂತುಕೊಳ್ಳಿ. ಭಾಗೀರಥಿಯ ಹಾಡು ಬರುತ್ತದಾ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಚ್ಚಾದ ಪಾಠದಲ್ಲಿ ಇಲ್ಲದ ಸಾಲು ಬಂದರೆ ತಿದ್ದಬೇಡಿ. ಆ ಸಾಲು ಯಾರ ಕಡೆಯಿಂದ ಮಾತಾಡುತ್ತಿದೆ, ಅತ್ತೆಯದೋ, ಗೆಳತಿಯದೋ, ಭಾಗೀರಥಿಯದೋ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.