ಮಾದರಿ ರೈಲಿಗೆ ಕಾರಿನ ಬ್ರೇಕ್ ಬಲ್ಬಿನ ಕಾವಲು

ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಓಡಿಸುವುದು 1:87 ಅಳತೆಯ ಎಚ್‌ಒ ರೈಲು. ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಡಿಜಿಟಲ್ ಆದೇಶ ಕಳಿಸುವ ಡಿಸಿಸಿ ವ್ಯವಸ್ಥೆಯಾದ್ದರಿಂದ ಹಳಿಯಲ್ಲಿ ಸದಾ ಸುಮಾರು 15 ವೋಲ್ಟ್ ಇರುತ್ತದೆ. ಹಳಿಗೆ ವಿದ್ಯುತ್ ಒದಗಿಸುವ ಬೂಸ್ಟರ್ 5 ಆಂಪಿಯರ್‌ವರೆಗೆ ಕೊಡಬಲ್ಲದು. ಮಿತಿ ಮೀರಿದರೆ ಬೂಸ್ಟರ್ ತಾನಾಗಿಯೇ ನಿಲ್ಲುತ್ತದೆಯಾದರೂ ನನ್ನ ಮಟ್ಟಿಗೆ ಅದೊಂದೇ ಸಾಲದು. ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ಹಳಿ ತಪ್ಪಿದ ಲೋಹದ ಚಕ್ರವು ಎರಡು ಹಳಿಗಳನ್ನು ಅರೆಬರೆಯಾಗಿ ಮುಟ್ಟಿ 4 ಆಂಪಿಯರ್ ಎಳೆದರೆ, ಬೂಸ್ಟರ್‌ಗೆ ಅದು ಮಾಮೂಲಿ ಹೊರೆಯಂತೆಯೇ ಕಾಣುತ್ತದೆ. ಅಷ್ಟರಲ್ಲಿ 60 ವ್ಯಾಟಿನಷ್ಟು ಶಾಖ ಎಂಜಿನ್ನಿನ ಸಣ್ಣ ತಂತಿಗಳಲ್ಲಿ, ಚಕ್ರ ಮುಟ್ಟಿದ ಜಾಗದಲ್ಲಿ ಹಂಚಿಕೊಂಡು ಪ್ಲಾಸ್ಟಿಕ್ಕನ್ನು ಕರಗಿಸತೊಡಗುತ್ತದೆ.

ಆದ್ದರಿಂದ ಮೊದಲು ಗಮನ ಕೊಟ್ಟದ್ದು ತಂತಿಗೆ. ಹಲಗೆಯ ಅಡಿಯಲ್ಲಿ ಮನೆ ವೈರಿಂಗಿನ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದು, ಹಳಿಯ ಪ್ರತಿ ತುಂಡಿಗೂ ಅದರಿಂದ ಕವಲು ಬೆಸೆದೆ. ಅನಂತರ ಹಳಿಯುದ್ದಕ್ಕೂ ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಟ್ಟು, ಬೇಕೆಂದೇ ಶಾರ್ಟ್ ಮಾಡುತ್ತ ಹೋದೆ. ಎಲ್ಲಿಟ್ಟರೂ ಬೂಸ್ಟರ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲಿನ ತಂತಿ ಅಥವಾ ಬೆಸುಗೆ ದುರ್ಬಲವೆಂದೇ ಅರ್ಥ.

ಆಮೇಲೆ ಹಳಿಯನ್ನು ಬೇರೆ ಬೇರೆಯಾಗಿ ವಿದ್ಯುತ್ ಪಡೆಯುವ ಬ್ಲಾಕ್‌ಗಳಾಗಿ ಕತ್ತರಿಸಿ, ಪ್ರತಿಯೊಂದರ ಒಂದು ತಂತಿಗೆ ಕಾರಿನ 12 ವೋಲ್ಟ್, 21 ವ್ಯಾಟ್ ಬ್ರೇಕ್ ಬಲ್ಬನ್ನು ಸರಣಿಯಲ್ಲಿ ಸೇರಿಸಿದೆ. ತಣ್ಣಗಿರುವ ಫಿಲಮೆಂಟಿನ ರೋಧ ಒಂದು ಓಮ್‌ಗೂ ಕಡಿಮೆಯಾದ್ದರಿಂದ ಒಂದು ಎಂಜಿನ್ ಓಡುವಾಗ ವೇಗ ತುಸು ತಗ್ಗಬಹುದು, ಅಷ್ಟೇ. ಶಾರ್ಟ್ ಆದೊಡನೆ ಫಿಲಮೆಂಟ್ ಕಾದು ರೋಧ ಏಳೆಂಟು ಓಮ್‌ಗೆ ಏರುತ್ತದೆ, ಕರೆಂಟ್ 2 ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದ ಬ್ಲಾಕ್‌ಗಳ ರೈಲುಗಳು ಓಡುತ್ತಲೇ ಇರುತ್ತವೆ; ಎಡವಟ್ಟು ಎಲ್ಲಿ ಎಂಬುದನ್ನು ಉರಿಯುವ ಬಲ್ಬೇ ತೋರಿಸುತ್ತದೆ. ಒಂದೇ ಬ್ಲಾಕಿನಲ್ಲಿ ಎರಡು ಎಂಜಿನ್‌ಗಳನ್ನೂ ದೀಪವಿರುವ ಬೋಗಿಗಳನ್ನೂ ಓಡಿಸುವವರಿಗೆ ಇದು ಹೊಂದದು. ಅವರು ಮಿಲಿಸೆಕೆಂಡುಗಳಲ್ಲಿ ಕಡಿಯುವ ಎಲೆಕ್ಟ್ರಾನಿಕ್ ಬ್ರೇಕರ್‌ಗೆ ಹಣ ಹಾಕುವುದೇ ಮೇಲು.

ಸಿಗ್ನಲ್ ದೀಪಗಳ ಬೋರ್ಡುಗಳಿಗೆ ಮಾತ್ರ ಅರ್ಧ ಆಂಪಿಯರಿನ ಪಾಲಿಫ್ಯೂಸ್, ಅಂದರೆ ತಣ್ಣಗಾದ ಮೇಲೆ ತಾನಾಗಿ ಸರಿಹೋಗುವ ಫ್ಯೂಸ್, ಬಳಸಿದ್ದೇನೆ. ಅದು ಕಡಿಯುವುದು ನಿಧಾನ, ಸಾಮಾನ್ಯವಾಗಿ ನಮೂದಿತ ಕರೆಂಟಿನ ಎರಡು ಪಟ್ಟು ಹರಿದ ಮೇಲೆ. ಹಳಿಗೆ ಅದನ್ನು ನಾನು ನಂಬುವುದಿಲ್ಲ. ನಮೂದಾದ ಅಂಕಿಯೂ ಸುಮಾರು 23 ಡಿಗ್ರಿಗೆ ಹೇಳಿದ್ದು. ಏಪ್ರಿಲ್‌ನಲ್ಲಿ ತಾರಸಿಯ ಕೆಳಗಿನ ಕೋಣೆ ಕಾದಾಗ ಅದು ಕಡಿಮೆ ಕರೆಂಟಿಗೇ ಕಡಿಯುತ್ತದೆಯಾದ್ದರಿಂದ, ದೀಪಗಳ ಒಟ್ಟು ಬಳಕೆಯನ್ನು 0.3 ಆಂಪಿಯರ್ ಒಳಗೇ ಇರಿಸಿದ್ದೇನೆ.

ಹಳಿಯಲ್ಲಿ ಶಾರ್ಟ್ ಆದಾಗ ಬಲ್ಬು ಕೈಸುಡುವಷ್ಟು ಕಾಯುತ್ತದೆ. ಹೋಲ್ಡರುಗಳನ್ನು ಪ್ಲೈವುಡ್ಡಿಗೆ ನೇರವಾಗಿ ಕೂರಿಸದೆ, ಅಲ್ಯೂಮಿನಿಯಂ ಪಟ್ಟಿಯ ಮೇಲೆ, ಗಾಳಿಯಾಡುವಂತೆ, ಹಲಗೆಯ ಮುಂಭಾಗದಲ್ಲಿ ಕಣ್ಣಿಗೆ ಬೀಳುವಂತೆ ಜೋಡಿಸಿದ್ದೇನೆ.