ಮೊದಲು ಮಾತು, ಆಮೇಲೆ ಚಿತ್ರ: ಕಲಬುರಗಿಯಲ್ಲಿ ಕೂತು ಮಾಡಿದ ವೆಬ್ ಕಾಮಿಕ್

ನಾನು ವೆಬ್ ಕಾಮಿಕ್, ಅಂದರೆ ಫೋನಿನಲ್ಲಿ ಓದುವ ಚಿತ್ರಕಥೆ, ಮಾಡ್ತೀನಿ ಅಂದಾಗ, ಫ್ಲೆಕ್ಸು, ಮದುವೆ ಕಾರ್ಡು ಮಾಡುವವರಿಗೆ ಕಾಮಿಕ್ ಆಗದ ಕೆಲಸ, ಅದೂ ಕನ್ನಡದ್ದನ್ನು ಮೊಬೈಲಿನಲ್ಲಿ ಯಾರು ಓದ್ತಾರ್ರಿ ಅಂತ ಇಲ್ಲಿನ ಡಿಸೈನರುಗಳೇ ಅಂದಿದ್ದರು. ಈಗ ಅವರೇ ಓಪನ್ ಫೈಲ್, ಅಂದರೆ ತಿದ್ದಲು ಬರುವ ಮೂಲ ಫೈಲ್, ಕೇಳುತ್ತಾರೆ. ಎಲ್ಲರೂ ಚಿತ್ರ ಬರೆದು ಮಾತಿನ ಬಲೂನು ತುರುಕುತ್ತಾರೆ. ನಾನು ಮಾತು ಕೂಡಿಸಿ, ಉಳಿದ ಜಾಗಕ್ಕೆ ಚಿತ್ರ ಬರೆದೆ. ಗೆದ್ದದ್ದು ಅಲ್ಲೇ.

ಲೆಕ್ಕ ನೋಡಿ. ಪುಟ 1080×1350 ಪಿಕ್ಸೆಲ್. ಅಕ್ಷರ 44 ಪಿಕ್ಸೆಲ್‌ಗಿಂತ ಸಣ್ಣದಾದರೆ ಫೋನಿನಲ್ಲಿ ಒತ್ತಕ್ಷರ ಕಲೆಯಾಗಿ ಕಾಣುತ್ತದೆ. ಸಾಲಿನ ಅಂತರ ಕನಿಷ್ಠ 64. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸಾಲಿಗೆ ಹನ್ನೆರಡು ಅಕ್ಷರ, ಮೂರು ಸಾಲು ಅಂದರೆ ಮಾತಿಗೇ ಸುಮಾರು 480×190 ಹೋಯಿತು. ಇದಕ್ಕೆ ಮೊಟ್ಟೆಯಾಕಾರದ ಬಲೂನು ಹಾಕಿದರೆ ಮೂಲೆಗಳು ವ್ಯರ್ಥವಾಗಿ 680×270 ಬೇಕು. ಮೂಲೆ ದುಂಡಗಿರುವ ಆಯತಕ್ಕೆ 560 ಅಗಲ ಸಾಕು. ಆ ನೂರಿಪ್ಪತ್ತು ಪಿಕ್ಸೆಲ್‌ನಲ್ಲಿ ಒಂದು ಮುಖ ಕೂಡುತ್ತದೆ. ಮಾತು ಪೂರ್ತಿ ನಮ್ಮ ಕಡೆಯದೇ, ‘ಏನ್ ಮಾಡ್ಲತ್ತೀರಿ’ ಅನ್ನುವ ಧಾಟಿಯದು.

ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಕೆಲಸ ಕೆಡುತ್ತದೆ. ಯೂನಿಕೋಡಿಗೆ (ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತಕ್ಕೆ) ತಿರುಗಿಸಿದ ಮೇಲೂ ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ, ಕಣ್ಣಿಟ್ಟು ಓದಲೇಬೇಕು. ಫೋಟೋಶಾಪ್‌ನ ಹಿಂದಿನ ಆವೃತ್ತಿಗಳಲ್ಲಿ ಒತ್ತು ಒಡೆದರೆ ಟೈಪ್ ಪ್ರಿಫರೆನ್ಸ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇನ್ನೂ ಹಳೇ ಆವೃತ್ತಿಯಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್. ‘ಬಾಲೂ ತಮ್ಮ’ ಅನ್ನುವ ಕನ್ನಡ ಫಾಂಟು ಉಚಿತ, ಮಾರುವ ಪುಸ್ತಕಕ್ಕೂ ಬಳಸಬಹುದು. ನಾನು ಅಕ್ಷರಕ್ಕೆ ಇಂಕ್‌ಸ್ಕೇಪ್, ಚಿತ್ರಕ್ಕೆ ಕ್ರಿಟಾ ಬಳಸುತ್ತೇನೆ, ಎರಡಕ್ಕೂ ದುಡ್ಡಿಲ್ಲ. ಚಿತ್ರ ಬರೆಯುವುದು ದುಪ್ಪಟ್ಟು ಅಳತೆಯಲ್ಲಿ, 2160×2700. ಹೊರಗೆರೆ ಹತ್ತು-ಹನ್ನೆರಡು ಪಿಕ್ಸೆಲ್, ಒಳಗೆರೆ ಐದಾರು. ಕಪ್ಪು ಕೂದಲಿಗೆ ಹೊಳಪು ಕೊಡುವ ಬ್ರಷ್ಷಿನ ಸೆಟ್ಟಿಂಗ್ ಮಾತ್ರ ಇಲ್ಲಿ ಬರೆಯೋದಿಲ್ಲ.

ಮೊದಮೊದಲು ಚಿತ್ರಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ಒಂದೇ ಉದ್ದ ಪಟ್ಟಿ ಮಾಡಿದ್ದು ಬಿದ್ದುಹೋಯಿತು. ಇಲ್ಲಿ ಓದುವವರೆಲ್ಲ ವಾಟ್ಸಾಪಿನಲ್ಲಿ. ಮಾಮೂಲಿ ಫೋಟೋ ಥರ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 800×6000ರ ಪಟ್ಟಿಯ ಅಗಲ ಇನ್ನೂರು ಚಿಲ್ಲರೆಗೆ ಬಂದು ಒಂದಕ್ಷರ ಓದಲಾಗಲ್ಲ. ಬಿಡಿ ಪುಟ ಕಳಿಸಿದರೆ ಈ ಗೋಳಿಲ್ಲ.

ನಡುವೆ ಬಿದ್ರಿ ಹೂಜಿ ನೋಡಿ, ಕಪ್ಪು ನೆಲದ ಮೇಲೆ ಬೆಳ್ಳಿ ಬಣ್ಣದ ಗೆರೆಯ ಒಂದು ಕಂತು ಮಾಡಿದೆ. ಕಪ್ಪಿನ ಮೇಲೆ ಬಿಳಿ ಗೆರೆ ದಪ್ಪ ಕಾಣುವುದರಿಂದ ಮೂರನೇ ಒಂದು ಪಾಲು ಸಣ್ಣ ಮಾಡಬೇಕಾಯಿತು. ಪರದೆಯ ಮೇಲೆ ಭರ್ಜರಿ. ಪುಸ್ತಿಕೆಗಾಗಿ ಝೆರಾಕ್ಸಿಗೆ ಹಾಕಿದರೆ ಟೋನರ್ (ಮಸಿ ಪುಡಿ) ಕುಡಿದು, ಮಡಿಕೆಯಲ್ಲಿ ಉದುರಿತು.

ಹಳೇ ಪೆನ್ ಟ್ಯಾಬ್ಲೆಟ್ಟಿಗೆ ಮೂರೂವರೆ ಸಾವಿರ, ಬೇಸಿಗೆಯ ಕರೆಂಟು ನಂಬಲಾಗದೆ ಯುಪಿಎಸ್‌ಗೆ ಮತ್ತೆ ಮೂರು ಸಾವಿರದಷ್ಟು ಹೋಯಿತು. ನೆಟ್ಟಿನಿಂದ ಪೈಸೆ ಬಂದಿಲ್ಲ. ಬಂದದ್ದು ಪುಸ್ತಿಕೆಯಿಂದ: ಎ4 ಹಾಳೆ ಆರು, ಮಡಿಸಿದರೆ 24 ಪುಟ, ಪಿನ್ ಹೊಡೆದು ಪ್ರತಿಗೆ ಇಪ್ಪತ್ತೈದರ ಆಸುಪಾಸು ಖರ್ಚು, ಮಾರಿದ್ದು ಅರವತ್ತಕ್ಕೆ. 2160 ಪಿಕ್ಸೆಲ್ ಅಗಲದ ಚಿತ್ರವನ್ನು 130 ಮಿ.ಮೀ. ಅಗಲಕ್ಕೆ ಕೂಡಿಸಿದರೆ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ದಾಟುತ್ತದೆ, ಗೆರೆ ಚೊಕ್ಕ ಬರುತ್ತದೆ. ಬೂದು ಬಣ್ಣ ತೆಗೆದು ಚುಕ್ಕಿ ಹಾಕಿ, ಇಲ್ಲದಿದ್ದರೆ ಮುಖವೆಲ್ಲ ಮಸಿ. ಪಿನ್ ಹೊಡೆದ ಮೇಲೆ ನಡುವಿನ ಹಾಳೆ ಹೊರಗೆ ಚಾಚುತ್ತದೆ, ಅಂಚಿಗೆ 3 ಮಿ.ಮೀ. ಖಾಲಿ ಬಿಟ್ಟಿದ್ದು, ಆಮೇಲೆ ಅದನ್ನು ಕತ್ತರಿಸಿ ತೆಗೆಯಿರಿ.